ಒಂದೇ ನಳ, ಎರಡು ಮಿಷಿನ್ನು: ಬಳ್ಳಾರಿ ಕೌಲ್‌ ಬಜಾರ್‌ ಕಡೆಯ ಒಂದು ಓಣಿಯ ವೋಟಿನ ಕತೆ

ಹನ್ನೊಂದು ವರ್ಷ ನಾನು ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಆಗಿದ್ದೆ. ಬೆಳಿಗ್ಗೆ ಶಾಲೆ, ಸಂಜೆ ಮತ್ತು ಭಾನುವಾರ ಮತದಾರರ ಪಟ್ಟಿ. ಬಳ್ಳಾರಿಯ ಕೌಲ್‌ ಬಜಾರ್‌ ಕಡೆಯ ನಾಲ್ಕೈದು ಓಣಿ ನನ್ನ ಪಾಲಿಗೆ ಬಂದಿದ್ದವು. ಯಾವ ಮನೆಯಲ್ಲಿ ಯಾರಿಗೆ ಹದಿನೆಂಟು ತುಂಬಿತು, ಯಾವ ಅಜ್ಜ ತೀರಿಕೊಂಡ, ಯಾವ ಸೊಸೆ ಹೊಸದಾಗಿ ಬಂದಳು ಅನ್ನೋದು ಆ ಮನೆಯ ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಈಗ ಆ ಕೆಲಸ ಬೇರೆಯವರಿಗೆ ಹೋಗಿದೆ. ಹಾಗಾಗಿ ಕಂಡದ್ದನ್ನು ಕೂತು ಬರೆಯಲು ಧೈರ್ಯ ಬಂದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ವೋಟು ಹಾಕಿದಿರಿ ಅಂತ ನಾನು ಯಾರನ್ನೂ ಕೇಳಿಲ್ಲ. ಬಿಎಲ್‌ಓ ಕೇಳಬಾರದು. ಆದರೆ ರಿಸಲ್ಟ್‌ ಬಂದ ಮೇಲೆ ಜನ ತಾವಾಗಿಯೇ ಮಾತಾಡುತ್ತಾರೆ. ಕಟ್ಟೆ ಮೇಲೆ ಜೀನ್ಸ್‌ ಪ್ಯಾಂಟಿನ ದಾರ ಕತ್ತರಿಸುತ್ತಾ ಕೂತ ಹೆಂಗಸರ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಯಾವ ಟಿವಿಯವರೂ ಹೇಳದ ಲೆಕ್ಕ ಸಿಗುತ್ತದೆ. ಜೊತೆಗೆ ಚುನಾವಣಾ ಆಯೋಗ ಹಾಕುವ ಫಾರಂ 20 ಇದೆ. ಅದರಲ್ಲಿ ಬೂತ್‌ವಾರು ಯಾರಿಗೆ ಎಷ್ಟು ಅಂತ ಇರುತ್ತದೆ. ನಮ್ಮ ಬೂತಿನ ಅಂಕಿಯನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಓಣಿ ಯಾವುದು ಅಂತ ಐದು ನಿಮಿಷದಲ್ಲಿ ಪತ್ತೆಯಾಗುತ್ತದೆ. ಯಾಕೆ ಹಾಕಬಾರದು ಅನ್ನೋದೂ ಈ ಕತೆಯ ಒಂದು ಭಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಕೌಲ್‌ ಬಜಾರ್‌ ಬ್ರಿಟಿಷರ ದಂಡಿನ ಕಾಲದ ಬಜಾರು. ಈಗ ಊರು ಅದನ್ನು ದಾಟಿ ಎಷ್ಟೋ ದೂರ ಹೋಗಿದೆ. ಬಂಡಿಹಟ್ಟಿ, ಗುಗ್ಗರಹಟ್ಟಿ ಕಡೆಗೆಲ್ಲ ಮನೆಗಳು ಬೆಳೆದಿವೆ. ಇಲ್ಲಿಯ ಜೀವನ ಜೀನ್ಸ್‌ ಮೇಲೆ ನಿಂತಿದೆ. ಒಂದು ಕಡೆ ಕಟಿಂಗು, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ವಾಷಿಂಗ್‌. ಕಾಜಾ, ಬಟನ್‌, ದಾರ ಕತ್ತರಿಸುವುದು ಮನೆಮನೆಯಲ್ಲಿ ಪೀಸಿನ ಲೆಕ್ಕದಲ್ಲಿ ನಡೆಯುತ್ತದೆ. ವಾಷಿಂಗ್‌ ಯೂನಿಟ್ಟಿನಿಂದ ಬಂದ ಗಂಡಸರ ಉಗುರು ನೀಲಿ. ವೋಟು ಹಾಕಿದ ದಿನ ಅವರ ಬೆರಳ ಮೇಲಿನ ಶಾಯಿ ಬೇಗ ಕಾಣುವುದೇ ಇಲ್ಲ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ, ಎಷ್ಟೋ ಸಲ ಒಂದೇ ವಾಕ್ಯದಲ್ಲಿ.

ನಮ್ಮ ಓಣಿಯ ವಿಶೇಷ ಇರುವುದು ಅದರ ವಿಳಾಸದಲ್ಲಿ. ಮನೆ ಕಂದಾಯ ಮಹಾನಗರ ಪಾಲಿಕೆಗೆ. ನಳ, ಚರಂಡಿ, ಬೀದಿ ದೀಪ ಎಲ್ಲ ಸಿಟಿಯದ್ದೇ. ಆದರೆ ವಿಧಾನಸಭೆಗೆ ಬಂದರೆ ನಾವು ಬಳ್ಳಾರಿ ಗ್ರಾಮೀಣ. 2008ರಲ್ಲಿ ಡಿಲಿಮಿಟೇಶನ್‌ ಆದಾಗ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸಿದಾಗ, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಈ ಕ್ಷೇತ್ರ ಬಂತು. ಕೌಲ್‌ ಬಜಾರ್‌ ಕಡೆಯ ವಾರ್ಡುಗಳನ್ನು ಸುತ್ತಲಿನ ಹಳ್ಳಿಗಳ ಜೊತೆ ಸೇರಿಸಿದರು. ಮೆಣಸಿನಕಾಯಿ, ಭತ್ತ ಬೆಳೆಯುವ ರೈತನೂ ಜೀನ್ಸ್‌ ಹೊಲಿಯುವ ಟೈಲರೂ ಒಬ್ಬನೇ ಶಾಸಕನನ್ನು ಆರಿಸಬೇಕು. ರಸ್ತೆ ದಾಟಿದರೆ ಬಳ್ಳಾರಿ ನಗರ, ಸಾಮಾನ್ಯ ಕ್ಷೇತ್ರ.

ಆ ರಸ್ತೆಯ ಆಚೆ ಈಚೆ ಇಬ್ಬರು ಅಕ್ಕತಂಗಿಯರಿದ್ದಾರೆ. ಅಕ್ಕನ ಮನೆ ನಗರದಲ್ಲಿ, ತಂಗಿಯದು ಗ್ರಾಮೀಣದಲ್ಲಿ. ನೀರು ಬರುವ ದಿನ ಇಬ್ಬರೂ ಒಂದೇ ಹೊತ್ತಿಗೆ ಡ್ರಮ್ಮು ತೊಳೆದು ಇಡುತ್ತಾರೆ. 2018ರಲ್ಲಿ ವೋಟರ್‌ ಸ್ಲಿಪ್‌ ಕೊಡಲು ಹೋದಾಗ ತಂಗಿ ಕೇಳಿದ್ದಳು:

"ಮೇಡಂ, ಅಕ್ಕಗ ಒಂದು ಮಿಷಿನ್ನು, ನನಗೊಂದು ಮಿಷಿನ್ನು ಯಾಕ್ರಿ? ಇಬ್ರೂ ಒಂದೇ ನಳದ ನೀರು ಕುಡಿತೀವಲ್ರಿ."

ನಕಾಶೆ ತೋರಿಸಿ ಹೇಳಿದೆ. ಅವಳು ನಕಾಶೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಸ್ಲಿಪ್ಪನ್ನು ಡ್ರಮ್ಮಿನ ಮುಚ್ಚಳದ ಕೆಳಗೆ ಇಟ್ಟು ಕಲ್ಲು ಹೇರಿದಳು. ಗಾಳಿಗೆ ಹಾರಬಾರದಲ್ವಾ.

ಚಿಹ್ನೆ ಬದಲಾದದ್ದು ಯಾರದ್ದು?

ಹೊರಗಿನವರು ಬಳ್ಳಾರಿಯ ಬಗ್ಗೆ ಬರೆದಾಗೆಲ್ಲ ಒಂದು ಮಾತು ಬರುತ್ತದೆ: ಇಲ್ಲಿಯ ಜನಕ್ಕೆ ನಿಲುವಿಲ್ಲ, ಗಾಳಿ ಬಂದ ಕಡೆ ತೂರಿಕೊಳ್ಳುತ್ತಾರೆ ಅಂತ. ಲೋಕಸಭೆ ಇತಿಹಾಸ ನೋಡಿದರೆ ಹಾಗೆ ಅನ್ನಿಸಬಹುದು. ಮೊದಲಿನಿಂದ ಇದು ಕಾಂಗ್ರೆಸ್ಸಿನ ಭದ್ರ ಕೋಟೆ. 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿ ನಿಂತರು. ಎದುರಿಗೆ ಸುಷ್ಮಾ ಸ್ವರಾಜ್‌, ಕನ್ನಡ ಕಲಿತು ಭಾಷಣ ಮಾಡಿದರು. ಆದರೂ ಸೋನಿಯಾ 56 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. 2004ರಲ್ಲಿ ಕೋಟೆ ಒಡೆಯಿತು, ಬಿಜೆಪಿಯ ಕರುಣಾಕರ ರೆಡ್ಡಿ ಗೆದ್ದರು. 2009 ಮತ್ತು 2014ರಲ್ಲೂ ಬಿಜೆಪಿ. 2018ರ ನವೆಂಬರ್‌ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್‌. ಉಗ್ರಪ್ಪ 2 ಲಕ್ಷ 43 ಸಾವಿರದ ಅಂತರದಿಂದ ಗೆದ್ದರು. ಆರು ತಿಂಗಳು ಕಳೆಯುವಷ್ಟರಲ್ಲಿ, 2019ರ ಏಪ್ರಿಲ್‌ನಲ್ಲಿ, ಅದೇ ಉಗ್ರಪ್ಪ ಬಿಜೆಪಿಯ ದೇವೇಂದ್ರಪ್ಪ ಎದುರು 55 ಸಾವಿರ ಮತಗಳಿಂದ ಸೋತರು. 2024ರಲ್ಲಿ ಮತ್ತೆ ಕಾಂಗ್ರೆಸ್‌. ಈ. ತುಕಾರಾಂ ಸುಮಾರು 99 ಸಾವಿರದಿಂದ ಗೆದ್ದರು.

ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ತಲೆ ತಿರುಗುತ್ತದೆ, ನಿಜ. ಆದರೆ ನಮ್ಮ ಓಣಿಯಿಂದ ನೋಡಿ. ಚಂಚಲ ಅನ್ನಿಸುವುದಿಲ್ಲ.

ಗ್ರಾಮೀಣ ಕ್ಷೇತ್ರದ್ದೇ ಲೆಕ್ಕ ತೆಗೆದುಕೊಳ್ಳೋಣ. 2008ರಲ್ಲಿ ಶ್ರೀರಾಮುಲು ಬಿಜೆಪಿಯಿಂದ ಗೆದ್ದರು. 2011ರಲ್ಲಿ ರಾಜೀನಾಮೆ ಕೊಟ್ಟು ಅದೇ ಕ್ಷೇತ್ರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತರು, ಗೆದ್ದರು. ಆಗ ರಾಜ್ಯದಲ್ಲಿ ಆಳುತ್ತಿದ್ದದ್ದು ಬಿಜೆಪಿ. ಅದರ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಹೋದರು. 2013ರಲ್ಲಿ ತಮ್ಮದೇ ಬಿಎಸ್‌ಆರ್‌ ಕಾಂಗ್ರೆಸ್‌ನಿಂದ ನಿಂತು ಮತ್ತೆ ಗೆದ್ದರು. ಐದು ವರ್ಷದಲ್ಲಿ ಮೂರು ಚುನಾವಣೆ, ಮೂರು ಚಿಹ್ನೆ, ಒಬ್ಬನೇ ಮನುಷ್ಯ. ಪಕ್ಷದ ಪಟ್ಟಿ ನೋಡಿದವರಿಗೆ ಜನ ಎರಡು ಸಲ ಬದಲಾದಂತೆ ಕಾಣುತ್ತದೆ. ಓಣಿಯವರ ಪ್ರಕಾರ ಅವರು ಒಮ್ಮೆಯೂ ಬದಲಾಗಲಿಲ್ಲ.

ಮುಂದಿನದ್ದೂ ಹೀಗೇ. 2014ರಲ್ಲಿ ಶ್ರೀರಾಮುಲು ಬಿಜೆಪಿಗೆ ಮರಳಿ ಸಂಸದರಾದರು. ಖಾಲಿಯಾದ ಗ್ರಾಮೀಣ ಸೀಟಿಗೆ ಆಗಸ್ಟ್‌ನಲ್ಲಿ ಉಪಚುನಾವಣೆ ಆಗಿ ಕಾಂಗ್ರೆಸ್ಸಿನ ಎನ್‌.ವೈ. ಗೋಪಾಲಕೃಷ್ಣ ಗೆದ್ದರು. 2018ರಲ್ಲಿ ಗೋಪಾಲಕೃಷ್ಣ ಬಿಜೆಪಿಯಿಂದ ಕೂಡ್ಲಿಗಿಗೆ ಹೋಗಿ ಗೆದ್ದರು. ಕೂಡ್ಲಿಗಿಯಲ್ಲಿ ಒಮ್ಮೆ ಬಿಜೆಪಿಯಿಂದ, ಒಮ್ಮೆ ಪಕ್ಷೇತರರಾಗಿ ಗೆದ್ದಿದ್ದ ಬಿ. ನಾಗೇಂದ್ರ ಕಾಂಗ್ರೆಸ್‌ ಸೇರಿ ನಮ್ಮ ಗ್ರಾಮೀಣಕ್ಕೆ ಬಂದು ಗೆದ್ದರು. ಶ್ರೀರಾಮುಲು ಆ ಸಲ ಮೊಳಕಾಲ್ಮೂರು ಮತ್ತು ಬಾದಾಮಿ ಎರಡು ಕಡೆ ನಿಂತರು. ಮೊಳಕಾಲ್ಮೂರಲ್ಲಿ ಗೆದ್ದರು, ಬಾದಾಮಿಯಲ್ಲಿ ಸಿದ್ದರಾಮಯ್ಯ ಎದುರು ಸೋತರು. 2023ರಲ್ಲಿ ಅವರು ಗ್ರಾಮೀಣಕ್ಕೆ ಮರಳಿದಾಗ ನಾಗೇಂದ್ರ ಎದುರು ಸುಮಾರು 29 ಸಾವಿರದಿಂದ ಸೋತರು. ಅದೇ 2023ರಲ್ಲಿ ಗೋಪಾಲಕೃಷ್ಣ ಮತ್ತೆ ಕಾಂಗ್ರೆಸ್ಸಿಗೆ ಬಂದು ಮೊಳಕಾಲ್ಮೂರಲ್ಲಿ ಗೆದ್ದರು.

ಇದನ್ನೆಲ್ಲ ಒಮ್ಮೆ ನಿಧಾನವಾಗಿ ಓದಿ. ಮನೆ ಬದಲಿಸಿದವರು ಯಾರು? ಓಣಿ ಇದ್ದಲ್ಲೇ ಇದೆ. ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ನಿಜ. ನಮ್ಮ ಜನಕ್ಕೆ ನಿಷ್ಠೆ ಇಲ್ಲ ಅಂತ ಸುಮ್ನೆ ಹೇಳುವ ಮೊದಲು, ನಿಷ್ಠೆ ಇಡಲು ಒಂದು ಕಡೆ ನಿಂತವರು ಎಷ್ಟು ಜನ ಇದ್ದರು ಅಂತ ಎಣಿಸಬೇಕು.

ಹಾಗಾದರೆ 2013ರಲ್ಲಿ ಗೆದ್ದ ಶ್ರೀರಾಮುಲು 2023ರಲ್ಲಿ ಯಾಕೆ ಸೋತರು? ದೊಡ್ಡ ಕಾರಣಗಳಿವೆ. ರಾಜ್ಯದಲ್ಲೇ ಆಡಳಿತದ ವಿರುದ್ಧ ಗಾಳಿ ಇತ್ತು, ಗ್ಯಾರಂಟಿಗಳ ಮಾತಿತ್ತು, ಮುಸ್ಲಿಂ ಮತಗಳು ಒಂದೇ ಕಡೆ ಸೇರಿದ್ದವು. ಆದರೆ ಓಣಿಯಲ್ಲಿ ನಾನು ಕೇಳಿದ್ದು ಇನ್ನೂ ಸಣ್ಣ ಕಾರಣ. 2014ರಲ್ಲಿ ಅವರು ಗ್ರಾಮೀಣ ಬಿಟ್ಟ ಮೇಲಿನ ಒಂಬತ್ತು ವರ್ಷದಲ್ಲಿ ಫೋನ್‌ ನಂಬರ್‌ ಬದಲಾಗಿತ್ತು. ಆಸ್ಪತ್ರೆಗೆ ಒಂದು ಚೀಟಿ, ಪೊಲೀಸ್‌ ಸ್ಟೇಷನ್ನಿಗೆ ಒಂದು ಮಾತು, ಹಾಸ್ಟೆಲ್‌ ಸೀಟು, ರೇಷನ್‌ ಕಾರ್ಡು. ಇದಕ್ಕೆಲ್ಲ ಯಾರ ಹುಡುಗರಿಗೆ ಫೋನ್‌ ಮಾಡಬೇಕು ಅನ್ನೋದು ರೂಢಿಯ ಮಾತು. ಒಂದು ಸಲ ಬೇರೆ ನಂಬರಿಗೆ ಕೈ ಹೊಂದಿಕೊಂಡರೆ ಹಳೆಯದು ಮರೆತುಹೋಗುತ್ತದೆ. ಮೂಲೆಯ ಟೈಲರ್‌ ಚಾಚಾ ಇದನ್ನು ನನಗಿಂತ ಚೆನ್ನಾಗಿ ಹೇಳಿದರು:

"ಎಂಪಿ ಯಾರಂತ ನಾನು ನೋಡಿಲ್ಲ ಮೇಡಂ, ನೋಡೋ ಕೆಲಸಾನೂ ಬಂದಿಲ್ಲ. ಎಂಎಲ್‌ಎ ಹುಡುಗ್ರು ಗೊತ್ತು, ಫೋನ್‌ ಎತ್ತತಾರ. ಕಾರ್ಪೊರೇಟರ್‌ ಅಂದ್ರ ರಾತ್ರಿ ಹನ್ನೊಂದಕ್ಕೂ ಬಾಗಿಲು ಬಡಿಬೌದು."

ಚಾಚಾ ಹೇಳಿದ ಈ ಮೂರು ದೂರಗಳಲ್ಲೇ ಓಣಿಯ ವೋಟಿನ ಗುಟ್ಟಿದೆ. ಮೂರು ಚುನಾವಣೆಗೆ ಮೂರು ಬೇರೆ ಪ್ರಶ್ನೆ. ಎಂಪಿ ಚುನಾವಣೆಯಲ್ಲಿ ದೆಹಲಿಯಲ್ಲಿ ಯಾರು ಕೂರಬೇಕು ಅಂತ ಯೋಚಿಸುತ್ತಾರೆ. 2019ರಲ್ಲಿ ನಮ್ಮ ಕಡೆಯ ಹುಡುಗರು ಬಹಳಷ್ಟು ಜನ ಮೋದಿ ಹೆಸರಲ್ಲೇ ಮಾತಾಡಿದರು. ಅಭ್ಯರ್ಥಿಯ ಹೆಸರನ್ನು ನನ್ನನ್ನೇ ಕೇಳಿದವರಿದ್ದರು. 2018ರ ಉಪಚುನಾವಣೆಯಲ್ಲಿ ದೆಹಲಿಯ ಪ್ರಶ್ನೆ ಇರಲಿಲ್ಲ. ಹೊಸ ಸಂಸದರಿಗೆ ಸಿಗುವುದೇ ಕೆಲವು ತಿಂಗಳು. ಬೆಂಗಳೂರಲ್ಲಿ ಕಾಂಗ್ರೆಸ್‌ ಜೆಡಿಎಸ್‌ ಸರ್ಕಾರ ಇದೆ, ಅದರ ಜೊತೆ ಹೋದರೆ ಕೆಲಸ ಆಗುತ್ತದೆ ಅಂತ ಜನ ಎಣಿಸಿದರು. 2018ರ ಮೇನಲ್ಲಿ ವಿಧಾನಸಭೆಗೆ ಒಂದು ಪ್ರಶ್ನೆ, ನವೆಂಬರಿನಲ್ಲಿ ಒಂದು, ಮುಂದಿನ ಏಪ್ರಿಲ್‌ನಲ್ಲಿ ಇನ್ನೊಂದು. ಉತ್ತರಗಳು ಬೇರೆ ಬೇರೆ ಆಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಪಾಲಿಕೆ ಚುನಾವಣೆಯಲ್ಲಿ ಪಕ್ಷದ ಮಾತು ಇನ್ನೂ ತೆಳು. 2021ರ ಏಪ್ರಿಲ್‌ 27ರಂದು, ಕೋವಿಡ್‌ ಎರಡನೇ ಅಲೆಯ ನಡುವೆ, 39 ವಾರ್ಡಿಗೆ ಮತದಾನ ಆಯಿತು. ಕಾಂಗ್ರೆಸ್‌ 21, ಬಿಜೆಪಿ 13, ಪಕ್ಷೇತರರು 5. ರಾಜ್ಯದಲ್ಲಿ ಬಿಜೆಪಿ ಸರ್ಕಾರ, ನಗರಕ್ಕೆ ಬಿಜೆಪಿ ಶಾಸಕರು, ಸಂಸದರೂ ಬಿಜೆಪಿ. ಆದರೂ ಪಾಲಿಕೆ ಕಾಂಗ್ರೆಸ್ಸಿಗೆ. ಆ ಐದು ಪಕ್ಷೇತರರ ಕಡೆ ಹೆಚ್ಚಿನವರು ಗಮನ ಕೊಡುವುದಿಲ್ಲ. ನನಗೆ ಅದೇ ಮುಖ್ಯ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯುವವನಿಗೆ ಚಿಹ್ನೆ ಬೇಕಾಗಿಲ್ಲ.

ಮೀಸಲು ಕ್ಷೇತ್ರದ ಮಾತು

ಗ್ರಾಮೀಣ ಕ್ಷೇತ್ರದಲ್ಲಿ ನಿಲ್ಲುವವರು ಪರಿಶಿಷ್ಟ ಪಂಗಡದವರೇ ಆಗಬೇಕು. ಎರಡೂ ಪಕ್ಷದಿಂದ ವಾಲ್ಮೀಕಿ ನಾಯಕ ಸಮುದಾಯದವರೇ ನಿಲ್ಲುತ್ತಾರೆ. ಆಗ ಆ ಸಮುದಾಯದ ವೋಟು ಹಂಚಿಹೋಗುತ್ತದೆ. ಗೆಲುವು ಸೋಲು ಮುಸ್ಲಿಮರು, ದಲಿತರು, ಕುರುಬರು, ಲಿಂಗಾಯತರು, ತೆಲುಗು ಮಾತಾಡುವ ಕುಟುಂಬಗಳು ಯಾವ ಕಡೆ ಅನ್ನೋದರ ಮೇಲೆ ನಿಲ್ಲುತ್ತದೆ. ಇದರಿಂದ ಒಂದು ಒಳ್ಳೆಯದಾಗಿದೆ ಅಂತ ನಾನು ನಂಬಿದ್ದೇನೆ. ಅಭ್ಯರ್ಥಿ ಬರೀ ತನ್ನ ಜಾತಿಯ ಬಲದಿಂದ ಗೆಲ್ಲಲಾರ. ಕೌಲ್‌ ಬಜಾರಿನ ಮಸೀದಿ ಮುಂದೆಯೂ ಹಳ್ಳಿಯ ಮಾರಮ್ಮನ ಗುಡಿ ಮುಂದೆಯೂ ನಿಂತು ಕೈ ಮುಗಿಯಲೇಬೇಕು.

ರಸ್ತೆಯ ಆಚೆ ನಗರ ಕ್ಷೇತ್ರದಲ್ಲಿ 2023ರಲ್ಲಿ ಬೇರೆಯೇ ಆಟ ನಡೆಯಿತು. ಜನಾರ್ದನ ರೆಡ್ಡಿ 2022ರ ಡಿಸೆಂಬರಿನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದ್ದರು, ಫುಟ್‌ಬಾಲ್‌ ಚಿಹ್ನೆ. ನಗರದಲ್ಲಿ ಅವರ ಹೆಂಡತಿ ಅರುಣಾ ಲಕ್ಷ್ಮಿ ನಿಂತರು. ಬಿಜೆಪಿಯಿಂದ ಜನಾರ್ದನ ರೆಡ್ಡಿಯ ಸ್ವಂತ ಅಣ್ಣ ಸೋಮಶೇಖರ ರೆಡ್ಡಿ. ಒಂದೇ ಮನೆಯ ಮತ ಎರಡಾಯಿತು. ಕಾಂಗ್ರೆಸ್ಸಿನ ಭರತ್‌ ರೆಡ್ಡಿ ಗೆದ್ದರು, ಫುಟ್‌ಬಾಲ್‌ ಎರಡನೆಯದು, ಕಮಲ ಮೂರನೆಯದು. ಅಕ್ಕನ ಮನೆಯಲ್ಲಿ ಈ ಅಣ್ಣತಮ್ಮಂದಿರ ಜಗಳದ್ದೇ ಮಾತು. ತಂಗಿಯ ಮನೆಯಲ್ಲಿ ಶ್ರೀರಾಮುಲು ಮತ್ತು ನಾಗೇಂದ್ರ. ನಡುವೆ ಇಪ್ಪತ್ತು ಹೆಜ್ಜೆ. ಎರಡೂ ಕಡೆ ಗೆದ್ದದ್ದು ಕಾಂಗ್ರೆಸ್ಸೇ. ಆದರೆ ಅಕ್ಕತಂಗಿ ಮಾತಾಡಿದ ಚುನಾವಣೆಗಳೇ ಬೇರೆ.

2024ರ ಬೇಸಿಗೆಯಲ್ಲಿ ಹೆಂಗಸರ ಮಾತು ಮುಂದೆ ಬಂತು. ಇದನ್ನು ನಾನು ಹತ್ತಿರದಿಂದ ಕಂಡೆ. ಮನೆಯಲ್ಲಿ ಪವರ್‌ ಮಿಷಿನ್‌ ಇಟ್ಟು ಹೊಲಿಯುವ ಒಬ್ಬ ಹೆಣ್ಣುಮಗಳು ಜೆಸ್ಕಾಂ ಬಿಲ್ಲು ತಂದು ತೋರಿಸಿದಳು. ಗೃಹಜ್ಯೋತಿಯಲ್ಲಿ 200 ಯೂನಿಟ್‌ ಒಳಗೆ ಅಂದರೂ, 2022-23ರ ಸರಾಸರಿಗೆ ಶೇಕಡ 10 ಸೇರಿಸಿದಷ್ಟೇ ಉಚಿತ. ಹಬ್ಬದ ಸೀಸನ್ನಿನಲ್ಲಿ ಆರ್ಡರ್‌ ಜಾಸ್ತಿ ಬಂದರೆ ಮಿಷಿನ್‌ ಜಾಸ್ತಿ ಓಡುತ್ತದೆ, ಮಿತಿ ದಾಟುತ್ತದೆ. ಯಾವ ತಿಂಗಳು ಎಷ್ಟು ಯೂನಿಟ್‌ ಉಳಿದಿದೆ ಅಂತ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದಳು. ಪಕ್ಕದಲ್ಲೇ ಗೃಹಲಕ್ಷ್ಮಿಯ 2000 ಬಂದ ತಾರೀಕು. ಬಾರದ ತಿಂಗಳ ಮುಂದೆ ಒಂದು ಸೊನ್ನೆ. ಸರ್ಕಾರ ಕೊಟ್ಟದ್ದನ್ನು ತಿಂದು ವೋಟು ಹಾಕುವ ಜನ ಅಂತ ಯಾರಾದರೂ ಹೇಳಿದರೆ ನಾನು ಆ ಕ್ಯಾಲೆಂಡರ್‌ ತೋರಿಸಬೇಕು ಅನ್ನಿಸುತ್ತದೆ. ಅದು ಲೆಕ್ಕ ಕೇಳುವವರ ಕ್ಯಾಲೆಂಡರ್‌. 2023ರ ಏಪ್ರಿಲ್‌ನಲ್ಲಿ ರಾಹುಲ್‌ ಗಾಂಧಿ ಬಳ್ಳಾರಿಗೆ ಬಂದು ಹೇಳಿದ ಜೀನ್ಸ್‌ ಪಾರ್ಕಿನ ಮಾತನ್ನೂ ಅವಳು ಮರೆತಿಲ್ಲ. "ಅದು ಯಾವಾಗ ಮೇಡಂ?" ಅಂತ ಕೇಳಿದಳು, ನಾನೇ ಕೊಡಬೇಕಾದವಳು ಅನ್ನುವ ಹಾಗೆ.

ಬೂತಿನ ಅಂಕಿ ಯಾಕೆ ಕೊಡಲಿಲ್ಲ

ಒಂದು ಬೂತಿನಲ್ಲಿ ಸಾವಿರ, ಸಾವಿರದ ಇನ್ನೂರು ವೋಟು. ನಮ್ಮಂಥ ಕಡೆ ಅಂದರೆ ಮೂರು ನಾಲ್ಕು ಓಣಿ. ಎಣಿಕೆ ಬೂತ್‌ವಾರು ಆಗುವುದರಿಂದ ಯಾವ ಓಣಿ ಯಾರ ಕಡೆ ಅಂತ ಎಲ್ಲ ಪಕ್ಷದವರಿಗೂ ಮರುದಿನವೇ ಗೊತ್ತಾಗುತ್ತದೆ. "ನಿಮ್ಮ ಕಡೆ ನಮಗೆ ಬಿದ್ದಿಲ್ಲ" ಅನ್ನುವ ಮಾತು ಬೋರ್‌ವೆಲ್‌ ಕೇಳಲು ಹೋದಾಗ ಬರುತ್ತದೆ, ಸಿಸಿ ರಸ್ತೆ ಕೇಳಲು ಹೋದಾಗ ಬರುತ್ತದೆ. ಒಬ್ಬೊಬ್ಬರ ವೋಟು ಗುಟ್ಟಾಗಿದೆ, ಓಣಿಯ ವೋಟು ಬಯಲಾಗಿದೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಹಲವು ಬೂತುಗಳ ಯಂತ್ರಗಳನ್ನು ಜೋಡಿಸಿ ಒಟ್ಟಿಗೆ ಎಣಿಸುವ ಟೋಟಲೈಜರ್‌ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನೇ ಶಿಫಾರಸು ಮಾಡಿತು. ಇವತ್ತಿಗೂ ಜಾರಿಗೆ ಬಂದಿಲ್ಲ. ದೊಡ್ಡ ಬಡಾವಣೆಯ ಸ್ವಂತ ಬೋರ್‌ ಇರುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಟ್ಯಾಂಕರ್‌ ನೀರಿಗೆ ಕಾಯುವ ಓಣಿಗೆ ಹಾಗಲ್ಲ. ಹೆದರಿಕೆಗೆ ವೋಟು ಬದಲಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಗೆಲ್ಲುವ ಕಡೆಗೇ ಓಣಿ ಪೂರ್ತಿ ವಾಲಿದರೆ ಒಳ್ಳೆಯದು ಅನ್ನುವ ಹಿರಿಯರನ್ನು ಪ್ರತಿ ಚುನಾವಣೆಯಲ್ಲೂ ಕಂಡಿದ್ದೇನೆ. ಗಾಳಿ ಬಂದ ಕಡೆ ತೂರುವುದು ಅಂತ ಹೊರಗಿನವರು ಹೇಳುತ್ತಾರಲ್ಲ, ಅದರಲ್ಲಿ ಒಂದಿಷ್ಟು ಪಾಲು ಇದು.

ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಬಾಡಿಗೆ ಮನೆಯವರು ಬಹಳ. ವೋಟು ಮಾತ್ರ ಹಳೆಯ ಊರಲ್ಲೇ. ಸಂಡೂರು, ಸಿರುಗುಪ್ಪ ಕಡೆಯವರು, ಗಡಿ ದಾಟಿದರೆ ಆಂಧ್ರದ ಆಲೂರು, ರಾಯದುರ್ಗದವರು. 2024ರಲ್ಲಿ ಬಳ್ಳಾರಿಗೆ ಮತದಾನ ಮೇ 7ಕ್ಕೆ, ಆಂಧ್ರಕ್ಕೆ ಮೇ 13ಕ್ಕೆ. ಮೇ 7ರಂದು ಕೆಲವು ಮನೆಯವರು ಬಾಗಿಲಲ್ಲಿ ಕೂತು ಉಳಿದವರು ಹೋಗುವುದನ್ನು ನೋಡಿದರು. ಆರು ದಿನ ಕಳೆದು ತಾವು ಬಸ್ಸು ಹತ್ತಿದರು. ಅವರ ಮಕ್ಕಳು ಇಲ್ಲಿಯ ಶಾಲೆಗೆ ಬರುತ್ತಾರೆ, ಇಲ್ಲಿಯ ನೀರು ಕುಡಿಯುತ್ತಾರೆ. ವೋಟು ಇಲ್ಲದ ಮನೆಯ ಮುಂದಿನ ಚರಂಡಿ ಕೊನೆಗೆ ಸ್ವಚ್ಛವಾಗುತ್ತದೆ. ಹನ್ನೊಂದು ವರ್ಷದಲ್ಲಿ ಇದು ತಪ್ಪಿದ್ದನ್ನು ನಾನು ಕಾಣಲಿಲ್ಲ. ಎಷ್ಟು ಸಲ ಹೇಳಿದರೂ ವಿಳಾಸ ಬದಲಿಸುವ ಫಾರಂ 8 ತುಂಬಲು ಒಪ್ಪುವುದಿಲ್ಲ. ಊರಿನ ಪಟ್ಟಿಯಿಂದ ಹೆಸರು ಹೋದರೆ ಊರಿನ ಜಮೀನೂ ಹೋಗುತ್ತದೆ ಅನ್ನುವ ಭಯ. ಎರಡಕ್ಕೂ ಸಂಬಂಧವಿಲ್ಲ ಅಂತ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ.

ನಾನು ಈ ಕೆಲಸ ಬಿಡುವ ಮೊದಲು ಬಂದ ಕೊನೆಯ ಅರ್ಜಿ ಆ ತಂಗಿಯದ್ದೇ. ಅವಳ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟಲು ಹೊರಟಿದ್ದರು. ಅಕ್ಕನ ಮನೆ ಪಕ್ಕದಲ್ಲೇ ಖಾಲಿ ಸಿಕ್ಕಿತು. ಇಪ್ಪತ್ತು ಹೆಜ್ಜೆ ಆಚೆ, ಬೇರೆ ಕ್ಷೇತ್ರ. ಫಾರಂ 8 ಹಿಡಿದು ಹೋದೆ.

"ನಂದು ಇಲ್ಲೇ ಇರ್ಲಿ ಬಿಡ್ರಿ ಮೇಡಂ," ಅಂದಳು.

ಯಾಕೆ ಅಂದೆ. ಹಕ್ಕುಪತ್ರದ ಅರ್ಜಿ ಕೊಟ್ಟಿದ್ದಾಳಂತೆ. ಶಾಸಕರ ಆಫೀಸಿನ ಹುಡುಗ ಫೈಲ್‌ ನಂಬರ್‌ ಬರೆದುಕೊಂಡಿದ್ದಾನೆ. ಆಚೆ ಹೋದರೆ ಆ ಹುಡುಗ ಇನ್ನು ಅವಳ ಫೋನ್‌ ಯಾಕೆ ಎತ್ತಬೇಕು? ವಾಸ ಇರುವ ಕಡೆಯೇ ವೋಟು ಇರಬೇಕು ಅಂತ ಕಾನೂನು ಇದೆ ಅಂದೆ. ಅಕ್ಕ ಒಳಗಿನಿಂದ ಚಹಾ ತಂದಳು. ತಂಗಿ ಫಾರಂ ತೆಗೆದುಕೊಂಡು, ಹೆಸರು ಬರೆದು, ಸಹಿ ಹಾಕುವ ಜಾಗದಲ್ಲಿ ಪೆನ್ನು ನಿಲ್ಲಿಸಿದಳು.

"ಫೈಲ್‌ ಆಗಲಿ ಮೇಡಂ. ಆಮ್ಯಾಲೆ ಹಾಕ್ತೀನಿ."

ಅರ್ಧ ತುಂಬಿದ ಫಾರಂ ಅವಳ ಕೈಯಲ್ಲೇ ಬಿಟ್ಟು ಬಂದೆ. ಹೊಸ ಬಿಎಲ್‌ಓಗೆ ಕೊಟ್ಟ ಪುಸ್ತಕದಲ್ಲಿ ಆ ಮನೆಯ ಮುಂದೆ ಪೆನ್ಸಿಲ್‌ ಗುರುತು ಹಾಕಿದ್ದೇನೆ.